ಪಾಯಿಂಟಿನ ಬೆಲೆ: ಕ್ರೆಡಿಟ್ ಕಾರ್ಡು, ವಿಮಾನ ಮತ್ತು ಸಂಸಾರದ ಲೆಕ್ಕ

ದಿನಸಿ, ಔಷಧಿ, ಬಟ್ಟೆಬರೆ, ಮೊಬೈಲ್ ಬಿಲ್ಲು, ವಿಮೆಯ ಕಂತು ಮುಂತಾದ ಮನೆಯ ನಿತ್ಯದ ಖರ್ಚುಗಳನ್ನು ಕ್ರೆಡಿಟ್ ಕಾರ್ಡಿನ ಮೂಲಕ ಮಾಡಿ, ಆ ಖರ್ಚಿಗೆ ಪ್ರತಿಯಾಗಿ ಬ್ಯಾಂಕು ಕೊಡುವ ಪಾಯಿಂಟುಗಳನ್ನು ಕೂಡಿಟ್ಟು, ಅವುಗಳಿಂದ ಮನೆಮಂದಿಗೆ ವಿಮಾನದ ಟಿಕೆಟು ಪಡೆಯುವ ಪದ್ಧತಿ ಅಮೆರಿಕದಲ್ಲಿ ಹುಟ್ಟಿ ಬೆಳೆದು, ಈಗ ಭಾರತದ ನಗರಗಳ ಮಧ್ಯಮವರ್ಗದಲ್ಲೂ ನೆಲೆಯೂರಿದೆ. ಜಾಹೀರಾತುಗಳು ಇದನ್ನು ಉಚಿತ ಪ್ರಯಾಣವೆಂದು ಬಣ್ಣಿಸುತ್ತವೆ. ಸಾಲವೆಂದರೆ ಅಂಜುವ ಹಿರಿಯರು ಇದನ್ನು ಬರಿಯ ಬಲೆಯೆಂದು ದೂರವಿಡುತ್ತಾರೆ. ಕ್ರಮವರಿತು ಬಳಸುವ ಮನೆಗೆ ಇದರಿಂದ ನಿಜವಾದ ಲಾಭವಿದೆ, ಕ್ರಮ ತಪ್ಪಿದ ಮನೆಗೆ ಆ ಲಾಭದ ಹಲವು ಪಟ್ಟು ನಷ್ಟವಿದೆ, ಮತ್ತು ಮೊದಲನೆಯ ಮನೆಯ ಲಾಭದಲ್ಲಿ ಒಂದು ಪಾಲು ಎರಡನೆಯ ಮನೆಯ ನಷ್ಟದಿಂದಲೇ ಬರುತ್ತದೆ. ಈ ಮೂರನ್ನೂ ಒಟ್ಟಿಗೆ ನೋಡದ ಹೊರತು ಪದ್ಧತಿಯನ್ನು ಹೊಗಳುವುದೂ ತೆಗಳುವುದೂ ಅರೆಬರೆಯಾಗುತ್ತದೆ.

ಮೊದಲು ಪರಿಭಾಷೆಯನ್ನು ತಿಳಿಯಬೇಕು. ಕ್ರೆಡಿಟ್ ಕಾರ್ಡೆಂದರೆ ಬ್ಯಾಂಕು ಗ್ರಾಹಕನಿಗೆ ಒಂದು ಮಿತಿಯವರೆಗೆ ಕೊಡುವ ಅಲ್ಪಾವಧಿ ಸಾಲ. ತಿಂಗಳ ಖರ್ಚನ್ನೆಲ್ಲ ಒಂದು ನಿಗದಿತ ದಿನ ಒಟ್ಟುಗೂಡಿಸಿ ಬಿಲ್ಲು ತಯಾರಿಸಲಾಗುತ್ತದೆ. ಅದನ್ನು ಗಡುವಿನ ದಿನದೊಳಗೆ ಪೂರ್ತಿಯಾಗಿ ತೀರಿಸಿದರೆ ಬಡ್ಡಿ ಇರುವುದಿಲ್ಲ. ರಿವಾರ್ಡ್ ಪಾಯಿಂಟು ಎಂದರೆ ಇಂತಿಷ್ಟು ರೂಪಾಯಿ ಖರ್ಚಿಗೆ ಇಂತಿಷ್ಟು ಎಂದು ಲೆಕ್ಕಕ್ಕೆ ಜಮೆಯಾಗುವ ಅಂಕ. ಬ್ಯಾಂಕಿನ ಸ್ವಂತ ಪಾಯಿಂಟುಗಳನ್ನು ಹಲವು ವಿಮಾನ ಸಂಸ್ಥೆಗಳಿಗೆ ವರ್ಗಾಯಿಸಬಹುದು. ಬ್ಯಾಂಕು ಮತ್ತು ಒಂದು ವಿಮಾನ ಸಂಸ್ಥೆ ಜಂಟಿಯಾಗಿ ಹೊರತರುವ ಕಾರ್ಡಿನ ಪಾಯಿಂಟುಗಳು ಆ ಸಂಸ್ಥೆಯ ಯೋಜನೆಗೇ ನೇರವಾಗಿ ಸೇರುತ್ತವೆ. ಪಾಯಿಂಟುಗಳನ್ನು ಕೊಟ್ಟು ಪಡೆಯುವ ಟಿಕೆಟನ್ನು ಅವಾರ್ಡ್ ಟಿಕೆಟು ಎನ್ನುತ್ತಾರೆ.

ಈ ಏರ್ಪಾಡಿನ ಮೂಲ ಅಮೆರಿಕದ ವಿಮಾನಯಾನ ಕಾನೂನಿನಲ್ಲಿದೆ. ಅಲ್ಲಿ ಬಹುಕಾಲ ವಿಮಾನದ ದರ ಮತ್ತು ಮಾರ್ಗಗಳನ್ನು ಸರ್ಕಾರಿ ಮಂಡಳಿಯೇ ಗೊತ್ತುಮಾಡುತ್ತಿತ್ತು. 1978ರ ಕಾನೂನು ಆ ನಿಯಂತ್ರಣವನ್ನು ತೆಗೆದುಹಾಕಿದಾಗ ದರಪೈಪೋಟಿ ಆರಂಭವಾಗಿ, ಪ್ರಯಾಣಿಕರು ಅಗ್ಗದ ಟಿಕೆಟನ್ನು ಅರಸಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸರಿಯತೊಡಗಿದರು. ಅವರನ್ನು ಹಿಡಿದಿಟ್ಟುಕೊಳ್ಳುವ ಉಪಾಯವಾಗಿ ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆಯನ್ನು ಆರಂಭಿಸಿ, ಹಾರಿದ ಮೈಲಿಗಳಿಗೆ ಪ್ರತಿಯಾಗಿ ಮುಂದಿನ ಪ್ರಯಾಣವನ್ನು ಕೊಡುವ ಭರವಸೆ ನೀಡಿತು. ಇತರ ಸಂಸ್ಥೆಗಳು ಕೂಡಲೇ ಅದನ್ನು ಅನುಸರಿಸಿದವು. 1987ರಲ್ಲಿ ಸಿಟಿಬ್ಯಾಂಕು ಇದೇ ಯೋಜನೆಯೊಡನೆ ಕೂಡಿ ಕ್ರೆಡಿಟ್ ಕಾರ್ಡು ಹೊರತಂದಾಗ, ವಿಮಾನ ಹತ್ತದೆ ಅಂಗಡಿಯಲ್ಲಿ ಖರ್ಚು ಮಾಡಿಯೂ ಮೈಲಿ ಗಳಿಸುವ ದಾರಿ ಅಗಲವಾಯಿತು. ಅಲ್ಲಿಯವರೆಗೆ ಪದೇಪದೇ ಹಾರುವ ವ್ಯಾಪಾರಸ್ಥರಿಗೆ ಸೀಮಿತವಾಗಿದ್ದ ಸವಲತ್ತು, ವರ್ಷಕ್ಕೊಮ್ಮೆ ಪ್ರಯಾಣ ಮಾಡುವ ಕುಟುಂಬಕ್ಕೂ ದಕ್ಕುವಂತಾದದ್ದು ಇಂಥ ಕಾರ್ಡುಗಳಿಂದ.

ಪಾಯಿಂಟುಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಗ್ರಾಹಕನು ಕಾರ್ಡಿನಲ್ಲಿ ನೂರು ರೂಪಾಯಿ ಕೊಟ್ಟಾಗ ಅಂಗಡಿಯವನ ಕೈಗೆ ಪೂರ್ತಿ ನೂರು ರೂಪಾಯಿ ಸೇರುವುದಿಲ್ಲ. ಅದರಲ್ಲಿ ಒಂದೆರಡು ರೂಪಾಯಿಯಷ್ಟು ಶುಲ್ಕವಾಗಿ ಕಡಿತವಾಗಿ, ಅದರ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕುಗಳ ನಡುವೆ ಹೀಗೆ ಕೈಬದಲಾಗುವ ಭಾಗವನ್ನು ಇಂಟರ್‌ಚೇಂಜ್ ಶುಲ್ಕವೆಂದು ಕರೆಯುತ್ತಾರೆ. ಈ ಶುಲ್ಕ, ವಾರ್ಷಿಕ ಶುಲ್ಕ ಮತ್ತು ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ, ಇವು ಮೂರೂ ಸೇರಿ ಪಾಯಿಂಟುಗಳ ವೆಚ್ಚವನ್ನು ಭರಿಸುತ್ತವೆ. ಐರೋಪ್ಯ ಒಕ್ಕೂಟವು 2015ರಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡುಗಳ ಇಂಟರ್‌ಚೇಂಜ್ ಶುಲ್ಕಕ್ಕೆ ಶೇಕಡಾ 0.3ರ ಮಿತಿ ಹಾಕಿತು. ಅಲ್ಲಿನ ಕಾರ್ಡುಗಳು ಅಮೆರಿಕದಷ್ಟು ಧಾರಾಳವಾಗಿ ಪಾಯಿಂಟು ಕೊಡಲಾಗದಿರುವುದಕ್ಕೆ ಇದು ಮುಖ್ಯ ಕಾರಣ. ಅಂಗಡಿಯವನು ತೆತ್ತ ಶುಲ್ಕ ಕೊನೆಗೆ ಸರಕಿನ ಬೆಲೆಯಲ್ಲಿ ಸೇರುವುದರಿಂದ, ನಗದು ಕೊಟ್ಟು ಕೊಳ್ಳುವವನೂ ಅದನ್ನು ಹೊರುತ್ತಾನೆ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ದೇಶದಲ್ಲಿ ನಗದು ಬಳಸುವ ಕುಟುಂಬವೊಂದರಿಂದ ವರ್ಷಕ್ಕೆ ಸರಾಸರಿ 149 ಡಾಲರು ಹೊರಹೋಗಿ, ಕಾರ್ಡು ಬಳಸುವ ಕುಟುಂಬವೊಂದಕ್ಕೆ ಸರಾಸರಿ 1,133 ಡಾಲರು ಸಲ್ಲುತ್ತದೆ ಎಂದು ಅಂದಾಜು ಮಾಡಿತು. ಹಾಗಾಗಿ ಪಾಯಿಂಟು ಯಾರ ಹಂಗೂ ಇಲ್ಲದೆ ಹುಟ್ಟಿದ ಸಂಪತ್ತಲ್ಲ. ಅದರ ಬೆಲೆಯನ್ನು ಯಾರೋ ಒಬ್ಬರು ತೆತ್ತಿರುತ್ತಾರೆ.

ವಿಮಾನ ಸಂಸ್ಥೆಗಳಿಗಂತೂ ಪಾಯಿಂಟುಗಳೇ ಒಂದು ಪ್ರತ್ಯೇಕ ವ್ಯಾಪಾರವಾಗಿವೆ. ಅವು ಪಾಯಿಂಟುಗಳನ್ನು ಸಗಟಾಗಿ ಬ್ಯಾಂಕುಗಳಿಗೆ ಮಾರಿ ಮುಂಗಡವಾಗಿ ಹಣ ಪಡೆಯುತ್ತವೆ. ಗ್ರಾಹಕನು ಪ್ರಯಾಣ ಮಾಡುವುದು ತಿಂಗಳು ಅಥವಾ ವರ್ಷಗಳ ನಂತರ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನೆಲಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರು ಸಾಲ ಎತ್ತಿತೆಂಬುದು ಈ ವ್ಯಾಪಾರದ ಗಾತ್ರವನ್ನು ತೋರಿಸುತ್ತದೆ. ಭಾರತದಲ್ಲಿ ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಯು 2025ರಲ್ಲಿ ಮಹಾರಾಜ ಕ್ಲಬ್ ಎಂಬ ಹೊಸ ಹೆಸರು ಪಡೆಯಿತು. ಕಡಿಮೆ ದರದ ಸಂಸ್ಥೆಯಾಗಿ ಬೆಳೆದ ಇಂಡಿಗೋ ಕೂಡ 2024ರಲ್ಲಿ ಬ್ಲೂಚಿಪ್ ಎಂಬ ಯೋಜನೆಯನ್ನು ಪ್ರಕಟಿಸಿತು. ದೇಶದೊಳಗಿನ ಬಹುಪಾಲು ವಿಮಾನಗಳನ್ನು ಈ ಎರಡು ಗುಂಪುಗಳೇ ಹಾರಿಸುತ್ತಿರುವುದರಿಂದ, ಕರ್ನಾಟಕದ ಕುಟುಂಬವೊಂದರ ಆಯ್ಕೆ ಬಹುಮಟ್ಟಿಗೆ ಇವುಗಳ ನಡುವೆಯೇ ನಡೆಯುತ್ತದೆ.

ಪಾಯಿಂಟನ್ನು ಅಳೆಯುವ ಸರಿಯಾದ ಮಾನ ಪೈಸೆ. ಹತ್ತು ಸಾವಿರ, ಇಪ್ಪತ್ತು ಸಾವಿರ ಎಂಬ ಸಂಖ್ಯೆಗಳು ದೊಡ್ಡವಾಗಿ ಕಂಡರೂ ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂಬುದನ್ನು ಕಂಡುಕೊಳ್ಳುವವರೆಗೆ ಅವುಗಳಿಗೆ ಅರ್ಥವಿಲ್ಲ. ಉದಾಹರಣೆಗೆ ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟಿನ ನಗದು ದರ 7,000 ರೂಪಾಯಿ ಇದೆಯೆಂದೂ, ಅದೇ ಟಿಕೆಟಿಗೆ 10,000 ಪಾಯಿಂಟುಗಳ ಜೊತೆಗೆ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳಿಗಾಗಿ 1,200 ರೂಪಾಯಿ ಕೊಡಬೇಕೆಂದೂ ಇಟ್ಟುಕೊಂಡರೆ, ಉಳಿಯುವ 5,800 ರೂಪಾಯಿಯನ್ನು 10,000ದಿಂದ ಭಾಗಿಸಿದಾಗ ಪಾಯಿಂಟಿನ ಬೆಲೆ 58 ಪೈಸೆ ಎಂದು ತಿಳಿಯುತ್ತದೆ. ಅದೇ ಪಾಯಿಂಟಿನಿಂದ ಬ್ಯಾಂಕಿನ ಪಟ್ಟಿಯಲ್ಲಿರುವ ಮಿಕ್ಸರನ್ನೋ ಉಡುಗೊರೆ ಚೀಟಿಯನ್ನೋ ತರಿಸಿದರೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಬೆಲೆ ಸಿಗುತ್ತದೆ. ಹೋಲಿಕೆಗೆ ತೆಗೆದುಕೊಳ್ಳುವ ನಗದು ದರ ಮಾತ್ರ ಕುಟುಂಬವು ನಿಜವಾಗಿ ಕೊಡಲು ಸಿದ್ಧವಿರುವ ಅತ್ಯಂತ ಅಗ್ಗದ ದರವಾಗಿರಬೇಕು.

ಇನ್ನು ವರ್ಷದ ಲೆಕ್ಕ. ತಿಂಗಳಿಗೆ 40,000 ರೂಪಾಯಿಯನ್ನು ಕಾರ್ಡಿನಲ್ಲಿ ಖರ್ಚು ಮಾಡುವ ಮನೆಯ ವಾರ್ಷಿಕ ಖರ್ಚು 4,80,000 ರೂಪಾಯಿ. ನೂರು ರೂಪಾಯಿಗೆ ಎರಡು ಪಾಯಿಂಟಿನಂತೆ 9,600 ಪಾಯಿಂಟುಗಳು ದೊರೆತು, ಪ್ರತಿಯೊಂದೂ 50 ಪೈಸೆ ಬಾಳಿದರೆ ಒಟ್ಟು 4,800 ರೂಪಾಯಿ ಆಗುತ್ತದೆ. ಕಾರ್ಡಿನ ವಾರ್ಷಿಕ ಶುಲ್ಕ 2,000 ರೂಪಾಯಿ ಮತ್ತು ಅದರ ಮೇಲಿನ ಶೇಕಡಾ 18ರ ಜಿಎಸ್‌ಟಿ ಸೇರಿ 2,360 ರೂಪಾಯಿಯನ್ನು ಕಳೆದರೆ ನಿವ್ವಳ ಲಾಭ 2,440 ರೂಪಾಯಿ. ಪಾಯಿಂಟು 25 ಪೈಸೆ ಮಾತ್ರ ಬಾಳಿದರೆ ಉಳಿಯುವುದು ಕೇವಲ 40 ರೂಪಾಯಿ. ವಾರ್ಷಿಕ ಶುಲ್ಕವಿಲ್ಲದೆ ಖರ್ಚಿನ ಶೇಕಡಾ ಒಂದನ್ನು ನಗದಾಗಿ ಹಿಂತಿರುಗಿಸುವ, ಅಂದರೆ ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡೊಂದು ಇದೇ ಖರ್ಚಿಗೆ 4,800 ರೂಪಾಯಿಯನ್ನು ಯಾವ ತೊಡಕೂ ಇಲ್ಲದೆ ಕೊಡುತ್ತದೆ. ಆದ್ದರಿಂದ ವಿಮಾನದ ಪಾಯಿಂಟು ಕೊಡುವ ಕಾರ್ಡು ಇಂಥ ಸರಳ ಕಾರ್ಡಿಗಿಂತ ಹೆಚ್ಚು ಗಳಿಸಿಕೊಡುತ್ತದೆಯೇ ಎಂದು ನೋಡಿದ ಮೇಲೆಯೇ ಅದನ್ನು ಆರಿಸಿಕೊಳ್ಳಬೇಕು. ಇಂಧನ, ಮನೆ ಬಾಡಿಗೆ, ವ್ಯಾಲೆಟ್‌ಗೆ ತುಂಬುವ ಹಣ ಮುಂತಾದವಕ್ಕೆ ಅನೇಕ ಬ್ಯಾಂಕುಗಳು ಪಾಯಿಂಟು ಕೊಡುವುದಿಲ್ಲ. ವಿಮೆ ಮತ್ತು ವಿದ್ಯುತ್ ಬಿಲ್ಲುಗಳಿಗೆ ಹಲವೆಡೆ ಮಾಸಿಕ ಮಿತಿ ಇದೆ. ಹೀಗಾಗಿ ಪಾಯಿಂಟು ತರುವ ಖರ್ಚು, ಒಟ್ಟು ಖರ್ಚಿಗಿಂತ ಯಾವಾಗಲೂ ಕಡಿಮೆ.

ಕುಟುಂಬದ ಪ್ರಯಾಣವು ಒಂಟಿ ಪ್ರಯಾಣಕ್ಕಿಂತ ಬೇರೆಯಾಗುವುದು ಮುಂದಿನ ಎರಡು ಕಾರಣಗಳಿಂದ. ಮೊದಲನೆಯದು ಪ್ರಮಾಣ: ಮೇಲಿನ ಉದಾಹರಣೆಯ ದೆಹಲಿ ಪ್ರಯಾಣಕ್ಕೆ ತಂದೆ, ತಾಯಿ ಮತ್ತು ಇಬ್ಬರು ಮಕ್ಕಳಿಗೆ ಹೋಗುವ ದಾರಿಗಷ್ಟೇ 40,000 ಪಾಯಿಂಟುಗಳು ಬೇಕು, ವರ್ಷಕ್ಕೆ 9,600 ಗಳಿಸುವ ಮನೆಗೆ ಅದು ನಾಲ್ಕು ವರ್ಷ ದಾಟಿದ ಸಂಪಾದನೆ. ಎರಡು ವರ್ಷ ತುಂಬದ ಕೂಸು ಮಡಿಲಲ್ಲಿ ಕುಳಿತು ಕಡಿಮೆ ದರದಲ್ಲಿ ಪ್ರಯಾಣ ಮಾಡಬಹುದಾದರೂ, ಎರಡು ತುಂಬಿದ ಮಗುವಿಗೆ ಪ್ರತ್ಯೇಕ ಆಸನ ಬೇಕು, ಮತ್ತು ಬಹುತೇಕ ಯೋಜನೆಗಳಲ್ಲಿ ಆ ಆಸನಕ್ಕೆ ದೊಡ್ಡವರಷ್ಟೇ ಪಾಯಿಂಟುಗಳನ್ನು ಕೊಡಬೇಕು. ಎರಡನೆಯದು ಕಾಲ: ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ದಸರಾ ರಜೆ ಅಥವಾ ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿಯೇ ಹೊರಡಬೇಕಾಗುತ್ತದೆ. ಕೆಲವು ಯೋಜನೆಗಳು ಪ್ರತಿ ವಿಮಾನದಲ್ಲಿ ಬೆರಳೆಣಿಕೆಯ ಆಸನಗಳನ್ನು ಮಾತ್ರ ಅಗ್ಗದ ಅವಾರ್ಡಿಗೆ ಮೀಸಲಿಡುತ್ತವೆ, ಕೆಲವು ನಗದು ದರ ಏರಿದಂತೆ ಪಾಯಿಂಟಿನ ಬೆಲೆಯನ್ನೂ ಏರಿಸುತ್ತವೆ. ಎರಡೂ ರೀತಿಯಲ್ಲಿ ರಜೆಯ ಕಾಲ ಕುಟುಂಬಕ್ಕೆ ಕಠಿಣವಾಗಿರುತ್ತದೆ.

ಈ ತೊಡಕುಗಳಿಗೆ ಪರಿಹಾರಗಳಿವೆ. ಗಂಡನದೊಂದು ಕಾರ್ಡು, ಹೆಂಡತಿಯದೊಂದು ಕಾರ್ಡು ಎಂದು ಬೇರೆಬೇರೆ ಯೋಜನೆಗಳಲ್ಲಿ ಪಾಯಿಂಟು ಚದುರಿಸುವುದಕ್ಕಿಂತ, ಒಂದೇ ಖಾತೆಗೆ ಆಡ್-ಆನ್ ಕಾರ್ಡು ಪಡೆಯುವುದು ಲೇಸು. ಆಡ್-ಆನ್ ಎಂದರೆ ಮುಖ್ಯ ಕಾರ್ಡುದಾರರ ಹೊಣೆಯಲ್ಲಿ ಮನೆಯ ಇನ್ನೊಬ್ಬರಿಗೆ ಕೊಡುವ ಪೂರಕ ಕಾರ್ಡು. ಅದರ ಖರ್ಚೂ ಪಾಯಿಂಟೂ ಮುಖ್ಯ ಖಾತೆಗೇ ಸೇರುತ್ತವೆ, ಸಾಲ ತೀರಿಸುವ ಹೊಣೆಯೂ ಮುಖ್ಯ ಕಾರ್ಡುದಾರರದೇ ಆಗಿರುತ್ತದೆ. ಕೆಲವು ವಿಮಾನ ಸಂಸ್ಥೆಗಳಲ್ಲಿ ಮನೆಯ ಸದಸ್ಯರೆಲ್ಲರ ಪಾಯಿಂಟುಗಳನ್ನು ಒಂದೇ ಖಾತೆಯಲ್ಲಿ ಒಟ್ಟುಗೂಡಿಸುವ ಸೌಲಭ್ಯವಿದೆ. ಇನ್ನು ಕೆಲವಲ್ಲಿ ಸದಸ್ಯರು ಮುಂಚಿತವಾಗಿ ಹೆಸರಿಸಿದ ಬಂಧುಗಳಿಗೆ ಮಾತ್ರ ಟಿಕೆಟು ಪಡೆಯಬಹುದಾದ್ದರಿಂದ ಆ ಹೆಸರುಗಳನ್ನು ಮೊದಲೇ ನೋಂದಾಯಿಸಬೇಕು. ನಾಲ್ಕು ಅವಾರ್ಡ್ ಆಸನಗಳು ಒಟ್ಟಿಗೆ ಸಿಗದಿದ್ದಾಗ ಎರಡನ್ನು ಪಾಯಿಂಟುಗಳಿಂದಲೂ ಎರಡನ್ನು ನಗದಿನಿಂದಲೂ ಪಡೆಯುವುದು ರೂಢಿ. ಹಾಗೆ ಮಾಡುವಾಗ ಪಿಎನ್‌ಆರ್, ಅಂದರೆ ಬುಕಿಂಗ್ ಸಂಖ್ಯೆ, ಎರಡಾಗುತ್ತದೆ. ಹನ್ನೆರಡು ವರ್ಷದವರೆಗಿನ ಮಗುವಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದಲ್ಲಿ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಸೂಚಿಸಿದೆ; ಈ ರಕ್ಷಣೆ ಉಳಿಯಬೇಕಾದರೆ ಪ್ರತಿ ಪಿಎನ್‌ಆರ್‌ನಲ್ಲಿ ಒಬ್ಬ ಹಿರಿಯರು ಮತ್ತು ಒಂದು ಮಗು ಇರುವಂತೆ ಹಂಚಿಕೊಳ್ಳಬೇಕು.

ನಿತ್ಯದ ಖರ್ಚಿಗೆ ನಿಧಾನವಾಗಿ ಸೇರುವ ಪಾಯಿಂಟುಗಳಿಗಿಂತ ಬೇಗನೆ ರಾಶಿ ಬೆಳೆಸುವುದು ಸ್ವಾಗತ ಬೋನಸ್ಸು ಮತ್ತು ಮೈಲಿಗಲ್ಲಿನ ಬೋನಸ್ಸು. ಹೊಸ ಕಾರ್ಡು ಪಡೆದು ಮೊದಲ ಕೆಲವು ತಿಂಗಳಲ್ಲಿ ನಿಗದಿತ ಮೊತ್ತ ಖರ್ಚು ಮಾಡಿದವರಿಗೆ ಮೊದಲನೆಯದೂ, ವರ್ಷದ ಖರ್ಚು ಒಂದು ಗೆರೆ ದಾಟಿದಾಗ ಎರಡನೆಯದೂ ದೊರೆಯುತ್ತದೆ. ಮನೆಗೆ ಬಣ್ಣ ಹೊಡೆಸುವುದು, ಫ್ರಿಜ್ ಬದಲಿಸುವುದು, ಮದುವೆಯ ಜವಳಿ ತರುವುದು ಹೇಗೂ ನಡೆಯಬೇಕಾಗಿದ್ದು, ಹಣವೂ ಕೈಯಲ್ಲಿದ್ದಾಗ ಆ ಕಾಲಕ್ಕೆ ಸರಿಯಾಗಿ ಕಾರ್ಡು ಪಡೆಯುವುದು ಜಾಣತನ. ಗೆರೆ ದಾಟಲೆಂದೇ ಬೇಡದ ವಸ್ತುವನ್ನು ಕೊಳ್ಳುವುದು ಅದರ ತದ್ವಿರುದ್ಧ: ಶೇಕಡಾ ಒಂದೆರಡರ ಲಾಭಕ್ಕಾಗಿ ಶೇಕಡಾ ನೂರನ್ನು ಖರ್ಚು ಮಾಡಿದಂತಾಗುತ್ತದೆ. ಕಾರ್ಡಿನಲ್ಲಿ ಕೊಡುವಾಗ ನೋಟು ಎಣಿಸುವ ಹಿಂಜರಿಕೆ ಇರುವುದಿಲ್ಲವಾದ್ದರಿಂದ, ಮನೆಯ ತಿಂಗಳ ಖರ್ಚು ಕಾರ್ಡು ಬಂದ ಮೇಲೆ ಏರಿದೆಯೇ ಎಂದು ಹಳೆಯ ಲೆಕ್ಕದೊಡನೆ ಹೋಲಿಸಿ ನೋಡುವುದು ಅಗತ್ಯ.

ಎಲ್ಲಕ್ಕಿಂತ ದೊಡ್ಡ ಅಪಾಯ ಬಡ್ಡಿ. ಭಾರತದ ಕ್ರೆಡಿಟ್ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3.5ರ ಆಸುಪಾಸಿನ, ಅಂದರೆ ವರ್ಷಕ್ಕೆ ಶೇಕಡಾ 42ರಷ್ಟರ ಬಡ್ಡಿ ಸಾಮಾನ್ಯ. ಮೇಲೆ ಹೇಳಿದ ಮನೆಯವರು ಒಂದು ತಿಂಗಳ 40,000 ರೂಪಾಯಿಯನ್ನು ತೀರಿಸದೆ ಉಳಿಸಿಕೊಂಡರೆ ತಿಂಗಳ ಬಡ್ಡಿ 1,400 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 252 ರೂಪಾಯಿ, ಒಟ್ಟು 1,652 ರೂಪಾಯಿ ಆಗುತ್ತದೆ. ವರ್ಷವಿಡೀ ಗಳಿಸಿದ 2,440 ರೂಪಾಯಿಯ ನಿವ್ವಳ ಲಾಭ ಎರಡು ತಿಂಗಳು ತುಂಬುವ ಮುನ್ನವೇ ಕರಗಿಹೋಗುತ್ತದೆ. ಬಿಲ್ಲಿನಲ್ಲಿ ಕಾಣುವ ಕನಿಷ್ಠ ಪಾವತಿಯು ಸಾಮಾನ್ಯವಾಗಿ ಬಾಕಿಯ ಶೇಕಡಾ ಐದರಷ್ಟಿರುತ್ತದೆ. ಆ 2,000 ರೂಪಾಯಿಯನ್ನು ಮಾತ್ರ ಕಟ್ಟಿದವರ ಹಣದಲ್ಲಿ ಬಡ್ಡಿ ಮತ್ತು ತೆರಿಗೆಗೆ 1,652 ರೂಪಾಯಿ ಹೋಗಿ, ಅಸಲಿಗೆ ಸಲ್ಲುವುದು 348 ರೂಪಾಯಿ ಮಾತ್ರ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ. ಎಟಿಎಂನಿಂದ ಕಾರ್ಡಿನಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಓಡುತ್ತದೆ. ಪೂರ್ತಿ ಬಿಲ್ಲನ್ನು ಪ್ರತಿ ತಿಂಗಳೂ ತೀರಿಸಲಾಗದ ಮನೆಗೆ ಪಾಯಿಂಟಿನ ವಿಚಾರವೇ ಸಲ್ಲದು. ಅಂಥವರು ಮೊದಲು ಸಾಲ ತೀರಿಸುವುದೇ ಅತಿ ಹೆಚ್ಚು ಲಾಭದ ಮಾರ್ಗ.

ವಿದೇಶ ಪ್ರಯಾಣದ ಲೆಕ್ಕ ಬೇರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಮಕ್ಕಳ ಬೇಸಿಗೆ ರಜೆಯಲ್ಲಿ ಊರಿಗೆ ಬರುವಾಗ ನಾಲ್ವರ ಟಿಕೆಟು ದೊಡ್ಡ ಹೊರೆಯಾಗುತ್ತದೆ. ಅಲ್ಲಿನ ಕಾರ್ಡುಗಳ ಸ್ವಾಗತ ಬೋನಸ್ಸು ದೊಡ್ಡದಿರುವುದರಿಂದ ಪಾಯಿಂಟುಗಳ ನೆರವು ಅವರಿಗೆ ಹೆಚ್ಚು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲೈಯನ್ಸ್ ಎಂಬ ವಿಮಾನ ಸಂಸ್ಥೆಗಳ ಒಕ್ಕೂಟವನ್ನು ಸೇರಿದ್ದರಿಂದ, ಯುನೈಟೆಡ್ ಅಥವಾ ಏರ್ ಕೆನಡಾ ಯೋಜನೆಯಲ್ಲಿ ಗಳಿಸಿದ ಪಾಯಿಂಟುಗಳನ್ನು ಏರ್ ಇಂಡಿಯಾದ ಆಸನಕ್ಕೆ ಬಳಸುವ ಅವಕಾಶವಿದೆ. ಕೆಲವು ಯೋಜನೆಗಳು ಅವಾರ್ಡ್ ಟಿಕೆಟಿನ ಮೇಲೂ ಇಂಧನ ಸರ್‌ಚಾರ್ಜ್ ಹಾಕುವುದರಿಂದ, ನಗದಾಗಿ ಕೊಡಬೇಕಾದ ಮೊತ್ತವನ್ನು ಮೊದಲು ನೋಡಬೇಕು. ಭಾರತದ ಕಾರ್ಡನ್ನು ವಿದೇಶದಲ್ಲಿ ಬಳಸಿದರೆ ಅನೇಕ ಬ್ಯಾಂಕುಗಳು ವಿನಿಮಯದ ಮೇಲೆ ಶೇಕಡಾ 3.5ರ ಶುಲ್ಕ ಹಾಕುತ್ತವೆ. ಜಿಎಸ್‌ಟಿ ಸೇರಿ ಅದು ಶೇಕಡಾ 4.13 ಆಗುವುದರಿಂದ, ಆ ಖರ್ಚಿಗೆ ಬರುವ ಪಾಯಿಂಟು ಅದನ್ನು ತುಂಬಿಕೊಡುವುದು ವಿರಳ.

ಪಾಯಿಂಟುಗಳನ್ನು ಬಹುಕಾಲ ಕೂಡಿಡುವುದೂ ವಿವೇಕವಲ್ಲ, ಏಕೆಂದರೆ ಅವುಗಳ ಬೆಲೆಯನ್ನು ಗೊತ್ತುಮಾಡುವ ಅಧಿಕಾರ ಕೊಟ್ಟವರ ಕೈಯಲ್ಲೇ ಉಳಿದಿರುತ್ತದೆ. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಯೋಜನೆಯ ಪಾಯಿಂಟುಗಳು ನಿರುಪಯುಕ್ತವಾದವು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ, ಅದರ ಪಾಯಿಂಟು ಯೋಜನೆ ಪ್ರತ್ಯೇಕ ಕಂಪನಿಯಾಗಿದ್ದುದರಿಂದ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರೂ, ಸದಸ್ಯರು ಯಾವ ವಿಮಾನಕ್ಕಾಗಿ ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದೊಡನೆ ವಿಲೀನವಾದಾಗ ಮಾತ್ರ ಅದರ ಸದಸ್ಯರ ಪಾಯಿಂಟುಗಳು ಹೊಸ ಯೋಜನೆಗೆ ವರ್ಗವಾದವು. ಸಂಸ್ಥೆ ಗಟ್ಟಿಯಾಗಿದ್ದರೂ, ಅದೇ ಆಸನಕ್ಕೆ ಹೆಚ್ಚು ಪಾಯಿಂಟು ಕೇಳುವ ಬದಲಾವಣೆ ಯಾವಾಗ ಬೇಕಾದರೂ ಬರಬಹುದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಬಡ್ಡಿಯೂ ವಿಮೆಯ ರಕ್ಷಣೆಯೂ ಇವೆ. ಪಾಯಿಂಟಿಗೆ ಇವೆರಡೂ ಇಲ್ಲ. ಹಲವು ವಿಮಾನ ಸಂಸ್ಥೆಗಳಿಗೆ ವರ್ಗಾಯಿಸಬಹುದಾದ ಬ್ಯಾಂಕಿನ ಪಾಯಿಂಟುಗಳನ್ನು ಹೊಂದಿರುವುದು, ಒಮ್ಮೆ ವರ್ಗಾಯಿಸಿದ್ದು ಮರಳಿ ಬಾರದಾದ್ದರಿಂದ ಆಸನ ಲಭ್ಯವಿದೆಯೆಂದು ಖಚಿತವಾದ ಮೇಲೆಯೇ ವರ್ಗಾಯಿಸುವುದು ಮತ್ತು ಒಂದೆರಡು ವರ್ಷದೊಳಗೆ ಬಳಸಿ ಮುಗಿಸುವುದು ಇದಕ್ಕೆ ತಕ್ಕ ನಡೆ.

ಗ್ರಾಹಕರ ರಕ್ಷಣೆಗೆ ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನಗಳು ತಿಳಿದಿರಬೇಕಾದವು. ಕೇಳದೆ ಯಾರಿಗೂ ಕಾರ್ಡು ಕೊಡುವಂತಿಲ್ಲ. ಕಾರ್ಡು ರದ್ದುಮಾಡಲು ಕೋರಿದಾಗ, ಬಾಕಿ ಇಲ್ಲದಿದ್ದರೆ, ಏಳು ಕೆಲಸದ ದಿನಗಳೊಳಗೆ ರದ್ದುಮಾಡಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ಗಡುವು ಕಳೆದು ಮೂರು ದಿನ ಮೀರುವವರೆಗೆ ತಡಪಾವತಿಯ ದಂಡ ಹಾಕುವಂತಿಲ್ಲ. ಸ್ವಾಗತ ಬೋನಸ್ಸಿನ ಆಸೆಗೆ ಪಡೆದ ಕಾರ್ಡು ಎರಡನೆಯ ವರ್ಷದ ಶುಲ್ಕಕ್ಕೆ ತಕ್ಕ ಫಲ ಕೊಡದಿದ್ದರೆ, ಈ ಹಕ್ಕನ್ನು ಬಳಸಿ ಅದನ್ನು ಮುಚ್ಚಿಸಬಹುದು. ಮುಚ್ಚಿಸುವ ಮೊದಲು ಉಳಿದ ಪಾಯಿಂಟುಗಳನ್ನು ಬಳಸಿಕೊಳ್ಳಬೇಕು.

ಗಳಿಕೆಯ ನ್ಯಾಯವನ್ನೂ ಮರೆಯುವಂತಿಲ್ಲ. ಕೇಂದ್ರ ಸರ್ಕಾರದ ನೌಕರರು ಸರ್ಕಾರಿ ಪ್ರವಾಸದ ಟಿಕೆಟುಗಳಿಂದ ಗಳಿಸಿದ ಮೈಲಿಗಳನ್ನು ಇಲಾಖೆಯ ಇತರ ಅಧಿಕೃತ ಪ್ರಯಾಣಕ್ಕೇ ಬಳಸಬೇಕೆಂಬ ನಿಯಮವಿದೆ. ಸಾರ್ವಜನಿಕ ಹಣದ ಫಲ ಸಾರ್ವಜನಿಕ ಕೆಲಸಕ್ಕೇ ಸಲ್ಲಬೇಕೆಂಬ ಅದರ ತತ್ವ ಸರಿಯಾದದ್ದು. ಖಾಸಗಿ ಕಂಪನಿಗಳ ನೌಕರರೂ ಕಚೇರಿಯ ಪ್ರವಾಸದ ಪಾಯಿಂಟುಗಳನ್ನು ಮನೆಯ ಪ್ರಯಾಣಕ್ಕೆ ಬಳಸುವ ಮುನ್ನ ತಮ್ಮ ಸಂಸ್ಥೆಯ ನಿಯಮವನ್ನು ತಿಳಿದುಕೊಳ್ಳುವುದು ಒಳಿತು.

ಒಟ್ಟಿನಲ್ಲಿ, ಪಾಯಿಂಟು ಎಂಬುದು ಖರ್ಚಿನ ಮೇಲೆ ಸಿಗುವ ಒಂದು ಸಣ್ಣ ರಿಯಾಯಿತಿ. ಅದನ್ನು ಸಂಪಾದನೆಯೆಂದು ಭಾವಿಸಿದಾಗ ಮನೆಯ ಲೆಕ್ಕ ತಪ್ಪುತ್ತದೆ. ಹೇಗೂ ಆಗಬೇಕಾದ ಖರ್ಚನ್ನು ಮಾತ್ರ ಕಾರ್ಡಿಗೆ ಹಾಕಿ, ಬಿಲ್ಲನ್ನು ಗಡುವಿನೊಳಗೆ ಪೂರ್ತಿ ತೀರಿಸಿ, ಪಾಯಿಂಟಿನ ಬೆಲೆಯನ್ನು ಪೈಸೆಯಲ್ಲಿ ಅಳೆದು, ಮನೆಮಂದಿಯ ಗಳಿಕೆಯನ್ನು ಒಂದೆಡೆ ಸೇರಿಸಿ, ಹಳೆಯದಾಗುವ ಮುನ್ನ ಬಳಸುವ ಕುಟುಂಬವು ಕೆಲವು ವರ್ಷಕ್ಕೊಮ್ಮೆ ಒಂದೆರಡು ಟಿಕೆಟುಗಳ ಹಣವನ್ನು ನ್ಯಾಯವಾಗಿ ಉಳಿಸಬಲ್ಲದು, ಮತ್ತು ಆ ಉಳಿತಾಯದಿಂದ ವಯಸ್ಸಾದ ತಂದೆತಾಯಿಯರನ್ನೂ ಪ್ರಯಾಣದಲ್ಲಿ ಜೊತೆಗೆ ಕರೆದೊಯ್ಯಬಲ್ಲದು. ಇಂಥ ಮನೆಗಳಿಗೆ ಸಿಗುವ ಈ ಲಾಭದ ಒಂದು ಭಾಗವನ್ನು, ಕನಿಷ್ಠ ಪಾವತಿಯ ಸುಳಿಯಲ್ಲಿ ಸಿಲುಕಿದ ಮನೆಗಳು ಇಂದು ತೆರುತ್ತಿವೆ. ಆದ್ದರಿಂದ ಪಾಯಿಂಟು ಗಳಿಸುವ ವಿಧಾನವನ್ನು ಬಂಧುಬಳಗಕ್ಕೆ ಕಲಿಸುವ ಪ್ರತಿಯೊಬ್ಬರೂ, ಅದಕ್ಕಿಂತ ಮೊದಲು ಬಿಲ್ಲನ್ನು ಓದುವ ಮತ್ತು ಬಡ್ಡಿಯನ್ನು ಲೆಕ್ಕ ಹಾಕುವ ವಿಧಾನವನ್ನು ಕಲಿಸಬೇಕು; ಆ ಎರಡನೆಯ ತಿಳಿವಳಿಕೆಯು ಕಾರ್ಡು ಬಳಸದೆ ಉಳಿಯುವವರಿಗೂ ಉಪಯುಕ್ತವಾದದ್ದು.